ಒಣಬಂಡೆಯ ಮೇಲಿಟ್ಟ ಚೀಲ

ಹನೂರು ಕಡೆಯ ಒಂದು ಹೈಸ್ಕೂಲಿನಲ್ಲಿ ಹದಿನೆಂಟು ವರ್ಷದಿಂದ ನಾನು ವಿಜ್ಞಾನದ ಮೇಷ್ಟ್ರು. ಉಬ್ಬರ, ಇಳಿತ, ಚಂದ್ರನ ಸೆಳೆತ ಅಂತ ಬೋರ್ಡಿನ ಮೇಲೆ ಬರೆದು ಬರೆದು ಸೀಮೆಸುಣ್ಣ ಸವೆಸಿದವನು. ಸಮುದ್ರ ಮಾತ್ರ ಕಣ್ಣಾರೆ ಕಂಡಿರಲಿಲ್ಲ.

ಹೋದ ವರ್ಷ ಉಡುಪಿ ಕಡೆ ಕಡಲ ವಿಜ್ಞಾನದ ಶಿಬಿರ ಇದೆ, ಮಕ್ಕಳನ್ನು ಕರಕೊಂಡು ಬನ್ನಿ ಅಂತ ಕರೆ ಬಂತು. ಹನ್ನೆರಡು ಮಕ್ಕಳ ಜೊತೆ ಹೊರಟೆ. ಹೋದ ಸಂಜೆಯೇ ಶಿಬಿರದ ಮೇಡಂ ಕೆಲಸ ಹಂಚಿದರು. ಬಂಡೆಯ ಸಂದಿಯಲ್ಲಿ ಗೆರೆ ಹಾಕಿದ ಒಂದು ಕೋಲು ನಿಲ್ಲಿಸಿರುತ್ತಾರೆ. ಅರ್ಧ ಗಂಟೆಗೊಮ್ಮೆ ನೀರು ಎಷ್ಟನೇ ಗೆರೆಗೆ ಬಂತು ಅಂತ ನೋಡಿ ಹಾಳೆಯಲ್ಲಿ ಬರೆಯಬೇಕು. ಹಾಳೆ ಪೂರ್ತಿ ತುಂಬಿಸಿದ ಗುಂಪಿನವರಿಗೆ ಮರುದಿನ ಸಂಜೆ ಎಲ್ಲ ಶಾಲೆಯವರ ಮುಂದೆ ಮಾತಾಡುವ ಅವಕಾಶ. 'ನಾನೇ ಯೋಳ್ತೀನಿ ಸಾ' ಅಂದಳು ನಮ್ಮ ಗುಂಪಿನಲ್ಲಿದ್ದ ಹೂಗ್ಯಂ ಊರಿನ ಹುಡುಗಿ. ಕ್ಲಾಸಿನಲ್ಲಿ ಬಾಯೇ ಬಿಡದವಳು! ಬೆಳಿಗ್ಗೆ ಇಡ್ಲಿ ತಿನ್ನುವಾಗಲೂ ತುಟಿ ಅಲ್ಲಾಡಿಸಿಕೊಂಡು ಅಭ್ಯಾಸ ಮಾಡುತ್ತಿದ್ದಳು. ನನಗೆ ಒಳಗೊಳಗೇ ಖುಷಿ.

ನಾವು ಕೋಲಿನ ಹತ್ತಿರ ಹೋದಾಗ ನೀರು ಹಿಂದಕ್ಕೆ ಸರಿದು ಬಂಡೆಗಳೆಲ್ಲ ಬಿಸಿಲಿಗೆ ಒಣಗಿದ್ದವು. ಮೂರು ಸಲ ಗೆರೆ ನೋಡಿ ಬರೆದದ್ದಾಯಿತು. ಅಷ್ಟರಲ್ಲಿ ಆಚೆ ಹೊಂಡದಲ್ಲಿ ನಕ್ಷತ್ರಮೀನು ಇದೆ ಅಂತ ಯಾರೋ ಕೂಗಿದರು. ಹಾಳೆಯನ್ನು ನನ್ನ ಚೀಲಕ್ಕೆ ತುರುಕಿ, ಚೀಲವನ್ನು ಬಂಡೆಯ ಮೇಲಿಟ್ಟೆ.

'ಸಾ, ನೀರು ಏರ್ತಾ ಅದೆ. ಚೀಲವ ಮ್ಯಾಕೆ ಇಡವಾ' ಅಂದಳು ಹುಡುಗಿ.

'ಒಣಗಿರೋ ಬಂಡೆ ಕಣವ್ವ ಇದು! ಇಲ್ಗಂಟ ಎಲ್ಲಿ ಬಂದದು? ನನಗೇ ಪಾಠ ಮಾಡ್ತೀಯಾ?'

ಮೂಗಿನ ತುದಿಯಲ್ಲೇ ಕೋಪ ನನಗೆ, ಊರಿಗೇ ಗೊತ್ತು. ನಮ್ಮ ಕಡೆ ಕೆರೆ ಇಳಿದು ಕಲ್ಲು ಒಣಗಿತು ಅಂದರೆ ಮುಂದಿನ ಮಳೆಗಾಲದವರೆಗೂ ಅದರ ಮೇಲೆ ನಿಶ್ಚಿಂತೆಯಾಗಿ ಬಟ್ಟೆ ಒಣಹಾಕಬಹುದು. ನಾನು ಸಮುದ್ರವನ್ನೂ ಕೆರೆ ಅಂದುಕೊಂಡೆ. ಪಾಠ ಬಾಯಲ್ಲಿತ್ತು ಅಷ್ಟೆ.

ನಕ್ಷತ್ರಮೀನು ನೋಡಿ ಮೈಮರೆತು ವಾಪಸ್ಸು ಬಂದರೆ ಬಂಡೆಯೂ ಇಲ್ಲ, ಚೀಲವೂ ಇಲ್ಲ. ಅಯ್ಯೋ ಶಿವನೇ! ಮಕ್ಕಳು ಸಮುದ್ರ ನೋಡುವುದು ಬಿಟ್ಟು ನನ್ನ ಮುಖ ನೋಡಿದರು. ಹುಡುಗಿಯ ಕಣ್ಣು ತುಂಬಿತ್ತು.

ಮೇಡಂ ಹೊಸ ಹಾಳೆ ಕೊಟ್ಟರು. ಅಲ್ಲಿಂದ ಮುಂದಿನ ಅಳತೆಗಳನ್ನೆಲ್ಲ ಅವಳು ಬರೆದಳು. ಮೊದಲ ಮೂರು ಸಾಲು ಖಾಲಿ. ಮಧ್ಯಾಹ್ನದ ಊಟದಲ್ಲಿ ಮೆಲ್ಲಗೆ ಅಂದೆ:

'ಅಂದಾಜಿನ ಮೇಲೆ ಬರಕೊಂಡುಬುಡವ್ವ. ಪ್ರಾಕ್ಟಿಕಲ್ ರೆಕಾರ್ಡಲ್ಲಿ ಬರಿಯಲ್ವಾ, ಹಂಗೆ.'

ನಮ್ಮ ಪದ್ಧತಿಯೇ ಅದು. ಉತ್ತರ ಮೊದಲು, ಅಳತೆ ಆಮೇಲೆ. ಕಲಿಸಿದವನೂ ನಾನೇ.

'ಸರಿಯಾಗಿ ಗ್ಯಾಪಕ ಇಲ್ಲ ಸಾ. ಇಲ್ದೇ ಇರೋದ ಎಂಗೆ ಬರಿಯಾದು?'

'ಖಾಲಿ ಬಿಟ್ರೆ ಮಾತಾಡಕೆ ಬಿಡಲ್ಲ ಕಣವ್ವ.'

'ಬಿಡದಿದ್ರೆ ಬ್ಯಾಡ ಸಾ.'

ಆ ಮೂರು ಸಾಲನ್ನು ಹಾಗೇ ಖಾಲಿ ಬಿಟ್ಟಳು. ಹಾಳೆಯ ಕೆಳಗೆ 'ಆದ ತಪ್ಪು, ಕಾರಣ' ಅಂತ ಒಂದು ಜಾಗ ಇತ್ತು. 'ಚೀಲ ನೀರಿಗೆ ಹೋಯಿತು' ಅಂತ ಬರೆದು ನನ್ನ ಮುಖ ನೋಡಿದಳು. ನಾಚಿಕೆಯಾಯಿತು, ಸುಳ್ಳು ಯಾಕೆ ಹೇಳಲಿ.

'ಯಾರು ಇಟ್ಟಿದ್ದು ಅಂತಾನೂ ಬರಿ' ಅಂದೆ. ಬರೆದಳು.

ಮೇಡಂ ಹಾಳೆ ಓದಿದರು, ನಕ್ಕರು, ಆಮೇಲೆ 'ಹಾಳೆ ತುಂಬದಿದ್ದರೂ ತಪ್ಪು ಮುಚ್ಚಿಟ್ಟಿಲ್ಲ, ಇವಳು ಮಾತಾಡಲಿ' ಅಂದರು.

ಸಂಜೆ ಹುಡುಗಿ ಎದ್ದು ನಿಂತಳು. 'ಮೊದಲ ಮೂರು ಅಳತೆ ಇಲ್ಲ. ನೀರು ಇಲ್ಗಂಟ ಬರಲ್ಲ ಅಂತ ನಮ್ ಸಾ ಚೀಲವ ಬಂಡೆ ಮ್ಯಾಲೆ ಇಟ್ಟಿದ್ರು' ಅಂದಳು. ಇಡೀ ಹಾಲ್ ಗೊಳ್ಳೆಂದಿತು. ನನಗೂ ನಗು ತಡೆಯಲಾಗಲಿಲ್ಲ. ಅವಳು ಮಾತ್ರ ನಗಲಿಲ್ಲ. ಗದ್ದಲ ನಿಲ್ಲುವವರೆಗೆ ಕಾದು, ನಾಲ್ಕನೇ ಅಳತೆಯಿಂದ ಓದಲು ಶುರು ಮಾಡಿದಳು. ನಾನು ಪಕ್ಕದವರ ಹತ್ತಿರ ಪೆನ್ನು ಇಸಕೊಂಡು, ಅವಳು ಹೇಳಿದ ಒಂದೊಂದು ಅಂಕಿಯನ್ನೂ ಬರೆದುಕೊಂಡೆ.