ನೀರು ಚೆಲ್ಲಲು ಕಲಿತದ್ದು

ನಮ್ಮೂರಿನ ಈಜುಗೊಳದಲ್ಲಿ ದಿನಾಲೂ ನೀರಿರುತ್ತದೆ, ನಮ್ಮ ಮನೆಯ ನಲ್ಲಿಯಲ್ಲಿ ವಾರಕ್ಕೊಮ್ಮೆ. ಇದನ್ನು ದೂರಲಿಕ್ಕೆ ಹೇಳುತ್ತಿಲ್ಲ. ಧಾರವಾಡದಲ್ಲೇ ಹುಟ್ಟಿ, ಸಪ್ತಾಪುರದಲ್ಲಿ ಬಾಡಿಗೆ ಮನೆ ಹಿಡಿದು, ಇಲ್ಲೇ ಒಂದು ಹೈಸ್ಕೂಲಿನಲ್ಲಿ ಇಪ್ಪತ್ತಾರು ವರ್ಷದಿಂದ ವಿಜ್ಞಾನ ಕಲಿಸುತ್ತಿರುವವಳು ನಾನು. ಶಾಲೆ, ಸಂತೆ, ದವಾಖಾನೆ, ಗಾಯನ ಕಛೇರಿ ಎಲ್ಲವೂ ಸ್ಕೂಟರಿನಲ್ಲಿ ಹತ್ತು ನಿಮಿಷ. ಹುಬ್ಬಳ್ಳಿಗೆ ಹೋಗಬೇಕೆಂದರೆ ಒಂದರ ಹಿಂದೊಂದು ಬಸ್ಸು. ಇಷ್ಟು ಕೊಟ್ಟ ಊರು ನೀರಿನ ವಿಷಯದಲ್ಲಿ ಸ್ವಲ್ಪ ಕೈ ಬಿಗಿ ಹಿಡಿದರೆ ಹಿಡಿಯಲಿ ಎಂದುಕೊಂಡಿದ್ದೆ. ಆಮೇಲೆ ಮೊಣಕಾಲು ಕೈಕೊಟ್ಟಿತು.

ಶಾಲೆಯ ಪ್ರಯೋಗಾಲಯ ಇರುವುದು ಮಹಡಿಯ ಮೇಲೆ. ಇಪ್ಪತ್ತೆರಡು ಮೆಟ್ಟಿಲು. ಕಳೆದ ವರ್ಷ ಹನ್ನೊಂದನೆಯದರ ಮೇಲೆ ನಿಂತು ಉಸಿರು ಬಿಡತೊಡಗಿದೆ. ಮುಖ್ಯಾಧ್ಯಾಪಕರು ಅದನ್ನು ಕಂಡು, ಒಳ್ಳೆಯ ಮನಸ್ಸಿನಿಂದಲೇ ಪಾಪ, "ಜೂನ್‌ನಿಂದ ಕೆಳಗಿನ ಗ್ರಂಥಾಲಯ ನೋಡ್ಕೋರಿ, ಕೂತ ಕೆಲಸ," ಎಂದರು. ನನಗೆ ಸಿಟ್ಟು ನೆತ್ತಿಗೇರಿತು. ಮಕ್ಕಳ ಕೈಯಲ್ಲಿ ಲಿಟ್ಮಸ್ ಕಾಗದ ಬಣ್ಣ ಬದಲಿಸುವಾಗ ಅವರ ಮುಖ ನೋಡುವ ಸುಖವನ್ನು ಬಿಟ್ಟು, ಪುಸ್ತಕಗಳ ಧೂಳು ಹೊಡೆಯುತ್ತ ಕೂರುವವಳಲ್ಲ ನಾನು. ವೈದ್ಯರ ಬಳಿ ಹೋದೆ. "ಬ್ಯಾಸಗಿ ಸೂಟಿ ಮುಗಿಯೂತನಕ ದಿನಾ ಈಸ್ರಿ. ಕಾಲಿಗೆ ಬಲ ಬರಲಿಲ್ಲಂದ್ರ ಆಮ್ಯಾಲೆ ಆಪರೇಶನ್ ಮಾತು," ಎಂದರು. ನನಗೆ ಐವತ್ತೆರಡು. ಕೊಡದ ನೀರಿಗಿಂತ ಆಳದ ನೀರನ್ನು ಮುಟ್ಟಿದವಳಲ್ಲ. ಮರುದಿನವೇ ಹೆಸರು ಹಚ್ಚಿದೆ.

ಹೆಂಗಸರ ಹೊತ್ತು ಬೆಳಿಗ್ಗೆ ಹತ್ತರಿಂದ ಹನ್ನೊಂದು. ಕಲಿಸುವವಳು ಹುಬ್ಬಳ್ಳಿಯಿಂದ ಬಸ್ಸಿನಲ್ಲಿ ಬರುವ ಹುಡುಗಿ, ನನ್ನ ವಿದ್ಯಾರ್ಥಿನಿಯರ ವಯಸ್ಸಿನವಳು. ಅಂಚಿನ ಕಂಬಿ ಹಿಡಿದು, ಮೈ ಚಾಚಿ, ಕಾಲು ಬಡಿಯುವುದು ಮೊದಲ ಪಾಠ. ನಾನು ಬಡಿದೆ. ಒಂದು ಹನಿಯೂ ಹೊರಗೆ ಸಿಡಿಯಲಿಲ್ಲ.

"ಅಕ್ಕಾರ, ನೀರ ಬಡ್ಯಾಕತ್ತೀರೋ, ನೀರಿಗೆ ಜೋಗುಳ ಹಾಡಾಕತ್ತೀರೋ? ತೊಡಿಯಿಂದ ಜೋರ ಬಡೀರಿ!"

ಜೋರಾಗಿ ಬಡಿದರೆ ನೀರು ಚೆಲ್ಲುತ್ತದಲ್ಲ! ಒಂದು ಚರಗಿಯಲ್ಲಿ ಮುಖ ಕೈಕಾಲು ಮೂರನ್ನೂ ತೊಳೆದು, ಅಕ್ಕಿ ತೊಳೆದ ನೀರನ್ನು ಕರಿಬೇವಿಗೆ ಹಾಕಿ ಬೆಳೆದ ಕಾಲುಗಳು ನನ್ನವು. ಬಡಿ ಎಂದರೂ ಅವು ಕೇಳುತ್ತಿರಲಿಲ್ಲ. ಉಳಿದವರ ಪಾಡೂ ಅಷ್ಟೇ. ಒಬ್ಬಾಕೆಯಂತೂ ಅಂಚಿನ ಕಲ್ಲಿನ ಮೇಲೆ ನಿಂತ ನೀರನ್ನು ಅಂಗೈಯಿಂದ ಬಳಿದು ಕೊಳದೊಳಕ್ಕೆ ನೂಕಿದಳು. ಹುಡುಗಿ ಹಣೆ ಹಣೆ ಬಡಿದುಕೊಂಡಳು.

ಅದರ ಮೇಲೆ ನೀರಿನ ದಿನದ ಕಾಟ. ಬೇಸಿಗೆಯಲ್ಲಿ ಬರಬೇಕಾದ ದಿನ ನೀರು ಬರುವುದಿಲ್ಲ. ನಾಳೆ ಎನ್ನುತ್ತಾರೆ, ನಾಳಿದ್ದು ಎನ್ನುತ್ತಾರೆ. ಕಾಯುತ್ತ ಕೂತು ವಾರದಲ್ಲಿ ಮೂರು ದಿನ ಕೊಳಕ್ಕೆ ಚಕ್ಕರ್ ಹೊಡೆಯುತ್ತಿದ್ದೆ. "ಹಿಂಗಾದ್ರ ಜೂನ್ ಬಂದ್ರೂ ನೀವು ತೇಲಂಗಿಲ್ಲರಿ," ಎಂದಳು ಹುಡುಗಿ. ಆ ಮಾತು ಚುಚ್ಚಿತು. ಮುಂದಿನ ನೀರಿನ ದಿನ ಏನಾದರೂ ಆಗಲಿ, ಹೋಗಿಯೇ ತೀರುತ್ತೇನೆ ಎಂದು ಹಟ ತೊಟ್ಟೆ.

ಆ ವಾರ ನನ್ನ ಗಂಡನಿಗೆ ಧಾರವಾಡದ ಹೊರವಲಯದ ಬೇಲೂರಿನ ಕಾರ್ಖಾನೆಯಲ್ಲಿ ಮಧ್ಯಾಹ್ನದ ಪಾಳಿ. ಬೆಳಿಗ್ಗೆ ಮನೆಯಲ್ಲೇ ಇದ್ದರು. ಹೊರಡುವಾಗ ಹೇಳಿದೆ: "ಹಳೇ ನೀರ ಚೆಲ್ರಿ, ಕೊಡ ತಿಕ್ರಿ, ಹೊಸಾವು ತುಂಬ್ರಿ." ನಮ್ಮಲ್ಲಿ ಅದೇ ರೂಢಿ. ವಾರವಿಡೀ ಹನಿ ಹನಿ ಲೆಕ್ಕ ಹಾಕಿ ಉಳಿಸಿದ ನೀರು, ಹೊಸ ನೀರು ಬರುವ ದಿನ ಒಮ್ಮೆಲೇ ಹಳಸಿಬಿಡುತ್ತದೆ. ಅದನ್ನು ಅಂಗಳಕ್ಕೆ ಸುರಿಯದಿದ್ದರೆ ಮನೆಯ ಹೆಂಗಸಿಗೆ ಸಮಾಧಾನವಿಲ್ಲ. ವಿಜ್ಞಾನ ಕಲಿಸುವ ನನಗೂ ಇಲ್ಲ.

ಹನ್ನೊಂದೂವರೆಗೆ ತಿರುಗಿ ಬಂದಾಗ ಅಂಗಳ ತೊಳೆದು ಲಕಲಕ ಎನ್ನುತ್ತಿತ್ತು. ಕರಿಬೇವಿನ ಬುಡದಲ್ಲಿ ಕೆರೆಯೇ ನಿಂತಿತ್ತು. ಒಳಗೆ ಹಂಡೆ, ಕೊಡ, ಡ್ರಮ್ಮು ಎಲ್ಲ ತಿಕ್ಕಿಸಿಕೊಂಡು ಬೋರಲು ಬಿದ್ದಿದ್ದವು. ನಲ್ಲಿ ಮಾತ್ರ ಒಣಗಿತ್ತು. ಎಲ್ಲೋ ರಸ್ತೆ ಅಗೆಯುವಾಗ ಪೈಪು ಒಡೆದು, ಇನ್ನೆರಡು ದಿನ ನೀರಿಲ್ಲವೆಂದು ಓಣಿಗೆಲ್ಲ ಸುದ್ದಿಯಾಗಿತ್ತು.

"ನೀ ಹೇಳಿದಂಗ ಮಾಡೇನಿ," ಎಂದರು ಗಂಡ, ಕೈಯಲ್ಲಿ ತಿಕ್ಕುವ ನಾರು ಹಿಡಿದುಕೊಂಡೇ.

ಅವರು ಹೇಳಿದ್ದು ಖರೆ. ನಲ್ಲಿ ಕೆಮ್ಮಿ ನೀರು ಬೀಳುವ ತನಕ ಕೊನೆಯ ಎರಡು ಕೊಡ ಚೆಲ್ಲಬಾರದು ಎಂಬುದನ್ನು ನಾನು ಹೇಳಿರಲಿಲ್ಲ. ಅದು ನನ್ನ ಕೈಗೆ ಗೊತ್ತಿತ್ತು, ಬಾಯಿಗೆ ಬಂದಿರಲಿಲ್ಲ. ನನ್ನ ತಲೆಗೂದಲಿನಿಂದ ಕೊಳದ ನೀರು ತೊಟ್ಟಿಕ್ಕುತ್ತಿತ್ತು, ಮನೆಯಲ್ಲಿ ಬೇಳೆ ತೊಳೆಯಲು ಗುಟುಕು ನೀರಿರಲಿಲ್ಲ. ನಾಚಿಕೆಯಿಂದ ನೆಲ ಬಿರಿಯಬಾರದೇ ಎನಿಸಿತು. ಪಕ್ಕದಲ್ಲೇ ಇರುವ ಮನೆಯೊಡತಿ ಎರಡು ಕೊಡ ಕೊಟ್ಟು ಮರ್ಯಾದೆ ಉಳಿಸಿದರು.

ಅತ್ತೆಗೆ ಎಂಬತ್ತರ ಹತ್ತಿರ. ಗುಡಿಗೆ ಹೋದವರು ಆಗಷ್ಟೇ ಬಂದು, ಹೊಸ್ತಿಲ ಬಳಿ ಕೂತು ಇದನ್ನೆಲ್ಲ ನೋಡುತ್ತಿದ್ದರು. ಬೈಸಿಕೊಳ್ಳುವುದಕ್ಕೆ ಮೊದಲೇ ನಾನೇ ಹೇಳಿಬಿಟ್ಟೆ: "ಇನ್ನ ನಾ ಹೋಗಂಗಿಲ್ಲರಿ ಅತ್ತಿ. ಸಾಕು ಈ ಹುಚ್ಚು."

"ಎಷ್ಟ ದೂರ ಈಸ್ತಿ ಈಗ?"

"ತೇಲಾಕೂ ಬರವಲ್ದರಿ. ನೀರ ಚೆಲ್ತಾವಂತ ಕಾಲ ಬಡ್ಯಾಕ ಮನಸ್ಸ ಬರೂದಿಲ್ಲ."

ಅತ್ತೆ ನಕ್ಕರು. "ನಾ ಸಣ್ಣಾಕಿದ್ದಾಗ ಬೆನ್ನಿಗೆ ಒಣಾ ಸೋರಿಬುರುಡಿ ಕಟಗೊಂಡು ಹೊಲದ ಬಾವಿಗೆ ಜಿಗೀತಿದ್ದೆ. ಹೆಂಗ ಬಡಿದ್ರೂ ಬಾವಿ ನೀರ ಎಲ್ಲಿ ಹೋಗ್ತಾವ? ಹೊಳ್ಳಿ ಬಾವಿಗೇ ಬೀಳ್ತಾವ. ಮದುವಿ ಆದಮ್ಯಾಲೆ ಯಾರೂ ನೀರಿಗೆ ಬಿಡಲಿಲ್ಲ ನನ್ನ." ನಲ್ಲಿಯತ್ತ ಕೈ ತೋರಿಸಿ ಹೇಳಿದರು: "ನಾಳಿಗೆ ಹೋಗು. ನಲ್ಲಿ ಕಾಯೂದು ನನ್ನ ಕೆಲಸ. ಕುಂತು ಕಾಯಾಕ ಮೊಣಕಾಲ ಬೇಕಾಗಿಲ್ಲ. ಕೊಡ ಎತ್ತಾಕ ನನ್ನ ಮಗ ಅದಾನ."

ನಾನು ಸೊಸೆಯಾಗಿ ಬಂದಾಗಿನಿಂದ ನೀರು ಪೋಲು ಮಾಡಬೇಡ ಎನ್ನುತ್ತ ಬಂದ ಬಾಯಿಂದ ಈ ಮಾತು ಕೇಳಿ ನನಗೆ ಅಳುವೇ ಬಂತು. ಮರುದಿನ ಹೋದೆ. ಕಂಬಿ ಹಿಡಿದು ತೊಡೆಯಿಂದ ಬಡಿದೆ. ಆ ಒಣ ಡ್ರಮ್ಮುಗಳ ಸಿಟ್ಟು, ಗ್ರಂಥಾಲಯದ ಸಿಟ್ಟು ಎಲ್ಲ ಸೇರಿಸಿ ಬಡಿದೆ. ಕಲಿಸುವ ಹುಡುಗಿ ತಲೆಯಿಂದ ಕಾಲಿನವರೆಗೆ ತೊಯ್ದು, "ಹಾಂ, ಹಿಂಗ ಅಕ್ಕಾರ!" ಎಂದು ಕುಣಿದಳು. ಹೊರಗೆ ಚೆಲ್ಲಿದ ನೀರು ಅಂಚಿನ ಕಾಲುವೆಗುಂಟ ಹರಿದು ಹೋಗುತ್ತಿತ್ತು. ಎಲ್ಲಿಗೆ ಎಂದು ಕೇಳಿದೆ. ಸೋಸಿ ಹೊಳ್ಳಿ ಕೊಳಕ್ಕೇ ಬಿಡುತ್ತಾರಂತೆ. ಇಷ್ಟು ದಿನ ನಾನು ಅದನ್ನು ಕೇಳಿಯೇ ಇರಲಿಲ್ಲ.

ಆಮೇಲೆ ಒಂದು ದಿನವೂ ತಪ್ಪಿಸಲಿಲ್ಲ. ಮೂಗಿಗೆ ನೀರು ಹೋಯಿತು, ಕೆಮ್ಮು ಬಂತು, ಎರಡು ಸಲ ಮುಳುಗಿ ಹುಡುಗಿಯ ಜಡೆ ಹಿಡಿದು ಎದ್ದೆ. ಮೇ ಕೊನೆಗೆ ಕೊಳವನ್ನು ಅಡ್ಡಡ್ಡ ದಾಟಿದೆ.

ಜೂನಿನಲ್ಲಿ ಶಾಲೆ ಶುರುವಾದ ದಿನ ಮುಖ್ಯಾಧ್ಯಾಪಕರು ಗ್ರಂಥಾಲಯದ ಕೀಲಿಕೈ ಹಿಡಿದು ಮೆಟ್ಟಿಲ ಬುಡದಲ್ಲೇ ನಿಂತಿದ್ದರು. "ಒಂದು ನಿಮಿಷ ತಡೀರಿ ಸರ್," ಎಂದು ಹತ್ತತೊಡಗಿದೆ. ಹನ್ನೊಂದನೆಯ ಮೆಟ್ಟಿಲಲ್ಲಿ ನೋವು ಇಣುಕಿತು. ನಿಲ್ಲಲಿಲ್ಲ. ಇಪ್ಪತ್ತೆರಡನೆಯದಕ್ಕೆ ತಲುಪಿ ಕೆಳಗೆ ನೋಡಿದಾಗ ಅವರು ಕೀಲಿಕೈಯನ್ನು ಜೇಬಿಗೆ ಇಳಿಸುತ್ತಿದ್ದರು.

ಪ್ರಯೋಗಾಲಯದ ಬಾಗಿಲು ತೆರೆಯುವ ಹೊತ್ತಿಗೆ ಫೋನು ಬಂತು. ಅತ್ತೆ. ಹಿಂದೆ ನಲ್ಲಿಯ ಧೋ ಎನ್ನುವ ಸಪ್ಪಳ.

"ನೀರ ಬಂದಾವ," ಎಂದರು. "ಎರಡ ಕೊಡ ಉಳಿಸಿಕೊಂಡೇ ಚೆಲ್ಲೇವಿ. ನೀ ಬರಬ್ಯಾಡ, ಅಲ್ಲೇ ಇರು."