ಅಕ್ಕನ ಮನೆಯ ಸಿಂಕು

ಪಂಚಮಿಯ ಉಂಡಿ ಬಾಯಿಗೆ ಇಟ್ಟುಕೊಂಡರೂ ನನ್ನ ಬೆರಳುಗಳಿಂದ ಪೈಪಿಗೆ ಹಚ್ಚುವ ಸಲ್ಯೂಷನ್ನಿನ ವಾಸನೆಯೇ ಬರುತ್ತಿದೆ. ಎರಡು ಸಲ ಸೋಪು ಹಚ್ಚಿ ತೊಳೆದೆ, ಹೋಗಲಿಲ್ಲ. ಒಂದು ಲೆಕ್ಕಕ್ಕೆ ಚಲೋ ಆಯಿತು. ಹೋಗಿದ್ದರೆ ಈ ಮಾತು ನಿಮಗೆ ಹೇಳುವ ಮನಸ್ಸೂ ನನಗೆ ಬರುತ್ತಿರಲಿಲ್ಲ.

ನಾನು ಕಮತಗಿಯ ಪ್ಲಂಬರ್. ಏಳನೇ ಇಯತ್ತೆಗೆ ಸಾಲಿ ಬಿಟ್ಟವನು. ಮನೆಯೊಳಗೆ ನೀರು ತಂದುಕೊಡುವವನಿಗೆ ಎಲ್ಲರೂ ಚಹಾ ಕೊಡುತ್ತಾರೆ. ನೀರನ್ನು ಹೊರಗೆ ಕಳಿಸುವವನನ್ನು ಮಾತ್ರ ಕೆಲಸ ಕೆಟ್ಟಾಗ ನೆನೆಯುತ್ತಾರೆ. ನನ್ನನ್ನು ಭಾಳ ಮಂದಿ ನೆನೆಯುತ್ತಾರೆ.

ನಾಲ್ಕು ವರ್ಷದ ಹಿಂದೆ, ಯುಗಾದಿಯ ಮುಂದೆ, ಇಲಕಲ್ಲಿನಲ್ಲಿರುವ ನನ್ನ ಅಕ್ಕನ ಮನೆಗೆ ಬಟ್ಟೆ ಒಗೆಯುವ ಮಷಿನ್ ಬಂತು. ಅವಳ ಅತ್ತೆಗೆ ಅದು ಬೇಡವಾಗಿತ್ತು. “ಮನಿ ತುಂಬ ನೀರ ಮಾಡಿಟ್ಟೀತು” ಎಂದು ತಿಂಗಳುಗಟ್ಟಲೆ ತಡೆದಿದ್ದರು. ಅಕ್ಕ ಹಟ ಬಿಡಲಿಲ್ಲ. “ನಮ್ಮ ತಮ್ಮ ಅದಾನ್ರಿ. ಒಂದ ಹನಿ ಹೊರಗ ಬೀಳಲಾರದಂಗ ಜೋಡಿಸಿ ಕೊಡ್ತಾನ” ಎಂದಳು.

ತಮ್ಮ ಹೋದ. ಅಡುಗೆಮನೆಯ ಹಿಂದಿನ ಗೋಡೆ ಹಳೆಯ ಕಲ್ಲುಮಣ್ಣಿನದು, ಒಂದೂವರೆ ಮೊಳ ದಪ್ಪ. ಸಿಂಕಿನ ನೀರು ಗಟಾರಕ್ಕೆ ಹೋಗಲು ಅದರಲ್ಲಿ ಒಂದು ತೂತು ಮೊದಲೇ ಇತ್ತು. ಮಷಿನ್ನಿಗೆ ಇನ್ನೊಂದು ತೂತು ಹೊಡೆದು ಬೇರೆ ಪೈಪು ಹಾಕಬೇಕು. ಅರ್ಧ ತಾಸು ಉಳಿ ಕುಟ್ಟಿದೆ. ಕಲ್ಲು ಜಗ್ಗಲಿಲ್ಲ, ನಾನು ಜಗ್ಗಿದೆ. ಒಲೆಯ ಕಡೆಯಿಂದ ಹೋಳಿಗೆಯ ವಾಸನೆ ಬೇರೆ ಬರುತ್ತಿತ್ತು. ‘ಎರಡೂ ಹೊಲಸ ನೀರಽ, ಒಂದ ದಾರ್ಯಾಗ ಹೋಗ್ಲಿ ಬಿಡು’ ಎಂದುಕೊಂಡು ಮಷಿನ್ನಿನ ಪೈಪನ್ನು ಸಿಂಕಿನ ಪೈಪಿಗೇ ಜೋಡಿಸಿದೆ. ಕೈ ತೊಳೆದು ನಾಲ್ಕು ಹೋಳಿಗೆ ತಿಂದೆ. ಅದೇ ತಿಂಗಳು ಗುಡೂರಿನಲ್ಲಿ, ಯಾರೋ ಪರಿಚಯವಿಲ್ಲದವರ ಮನೆಯಲ್ಲಿ, ಇದಕ್ಕಿಂತ ದಪ್ಪ ಗೋಡೆಗೆ ಎರಡು ತೂತು ಹೊಡೆದಿದ್ದೆ. ಅವರು ಬಯ್ಯುತ್ತಾರೆ. ಅಕ್ಕ ಬಯ್ಯುವುದಿಲ್ಲ.

ಆ ವರ್ಷದಿಂದ ಅಕ್ಕ ಪಂಚಮಿಗೆ ತವರಿಗೆ ಬರುವುದನ್ನು ಬಿಟ್ಟಳು. “ಮನಿ ಬಿಟ್ಟ ಬರಾಕ ಆಗೂದಿಲ್ಲೋ ತಮ್ಮಾ” ಎನ್ನುತ್ತಿದ್ದಳು. ಅವ್ವ ಉಂಡಿ ಕಟ್ಟುತ್ತ ಬಾಗಿಲು ನೋಡುತ್ತಿದ್ದಳು. “ಅಕಿಗೆ ಈಗ ಮಷಿನ್ ಬಂದೈತಬೇ, ನಾವ್ಯಾಕ ಬೇಕು?” ಎಂದೆ ನಾನು. ಭಾರಿ ಮಾತಾಡಿದೆ ಎಂದು ನನಗೆ ನಾನೇ ಖುಷಿಪಟ್ಟೆ.

ನಾಲ್ಕನೇ ಪಂಚಮಿಗೆ ಕರೆಯಲು ಹೋದಾಗ ಅಕ್ಕ ಚಹಾ ತಂದುಕೊಟ್ಟಳು. ಒಳಗೆ ತಿರುಗುತ್ತಿದ್ದ ಮಷಿನ್ನಿನ ಸಪ್ಪಳ ಬದಲಾಯಿತು. ಅಕ್ಕ ಮಾತು ಅರ್ಧಕ್ಕೆ ಬಿಟ್ಟು ಓಡಿದಳು. ಬೆನ್ನ ಹಿಂದೆಯೇ ಹೋದೆ. ಸಿಂಕಿನ ಬಾಯಿಗೆ ಅರಿವೆ ಮಡಚಿ ಇಟ್ಟು, ಎರಡೂ ಅಂಗೈಯಿಂದ ಮೈಭಾರ ಹಾಕಿ ಒತ್ತಿ ನಿಂತಿದ್ದಳು. ಮಷಿನ್ ಬಿಟ್ಟ ನೀರು ಗಟಾರಕ್ಕೆ ಹೋಗಲು ಸಾಲದೆ ಮೇಲಕ್ಕೇರಿ, ಅರಿವೆಯ ಅಂಚಿನಿಂದ ಬುರುಗು ಉಕ್ಕುತ್ತಿತ್ತು. ಪಡಸಾಲೆಯಲ್ಲಿ ಅತ್ತೆ ಜೋಳ ಹಸನು ಮಾಡುತ್ತಿದ್ದರು.

“ಚಹಾ ಆರ್ತೈತಿ, ಹೋಗಿ ಕುಡಿ” ಎಂದಳು ಅಕ್ಕ, ಸಣ್ಣ ದನಿಯಲ್ಲಿ.

ಆಗ ತಿಳಿಯಿತು. ಅವಳು ಎರಡು ದಿನ ತವರಿಗೆ ಬಂದರೆ ಮಷಿನ್ನನ್ನು ಬೇರೆ ಯಾರಾದರೂ ಹಚ್ಚುತ್ತಾರೆ. ತಮ್ಮನ ಕೆಲಸ ಹೊರಗೆ ಬೀಳುತ್ತದೆ.

ಅವತ್ತೇ ಉಳಿ ಹಿಡಿದೆ ಎಂದುಕೊಂಡಿರಾ? ನಾನು ಹೋಗಿ ಚಹಾ ಕುಡಿದೆ. “ಚಲೋ ಕೆಲಸಾ ಮಾಡೀಯಪಾ, ಒಂದಿನಾ ಕೆಟ್ಟಿಲ್ಲ” ಎಂದು ಅತ್ತೆ ಹೊಗಳಿದಾಗ, ದೊಡ್ಡ ಕೆಲಸಗಾರರು ಮಾಡುವ ಹಾಗೆ ತಲೆ ಬಗ್ಗಿಸಿದೆ. ನಾಚಿಕೆಗೆ ಹೆದರಿ ಇನ್ನೊಂದು ವರ್ಷ ನೂಕಿದೆ.

ನಿನ್ನೆ ಉಳಿ, ಸುತ್ತಿಗೆ, ಹೊಸ ಪೈಪು ತಗೊಂಡು ಹೋದೆ. ಅತ್ತೆಯ ಮುಂದೆ ಕೂತು ಹೇಳಿಬಿಟ್ಟೆ. “ಅವ್ವಾರ, ಮಷಿನ್ನಿನ ನೀರು ಸಿಂಕಿನಾಗ ಏರ್ತೈತ್ರಿ. ತಪ್ಪು ನಂದು. ಅಕ್ಕ ಇಷ್ಟ ದಿನ ಕೈಲೆ ಒತ್ತಿ ಹಿಡದಾಳ.”

ಅಕ್ಕ ನಿಗಿನಿಗಿ ಆದಳು. “ನಿನಗ ಹೇಳಂದವ್ರ ಯಾರಲೇ?”

ಅತ್ತೆ ಎದ್ದು ಅವಳ ಮುಂದೆ ಬಂದು ನಿಂತರು. “ಅದಕ್ಕಽ ನನಗ ಮಷಿನ್ ಮುಟ್ಟಗೊಡತಿದ್ದಿಲ್ಲೇನ? ಸೊಸಿಗೆ ಸೊಕ್ಕ ಬಂದೈತಿ ಅಂತ ಓಣಿ ತುಂಬ ಹೇಳ್ಕೊಂಡ ಬಂದೇನಲ್ಲೇ ನಾ!” ಆಮೇಲೆ ನನ್ನ ಕಡೆ ತಿರುಗಿದರು. “ಏನ ನೋಡ್ತಿ? ಕುಟ್ಟು. ತೂತು ಬೀಳೂ ತನಕ ನಿನಗ ಊಟಿಲ್ಲ.”

ಮುಂಜಾನೆಯಿಂದ ಕುಟ್ಟಿ ಮೂರು ಗಂಟೆಗೆ ಊಟ ಮಾಡಿದೆ. ಮಷಿನ್ ಹಚ್ಚಿದೆವು. ನೀರು ಬಿಡುವ ಸಪ್ಪಳ ಬಂದದ್ದೇ ತಡ, ಅಕ್ಕ ಅರಿವೆ ಹಿಡಿದು ಸಿಂಕಿನ ಮುಂದೆ ನಿಂತಳು.

“ಕೈ ತಗೀಯಕ್ಕಾ, ಈಗ ಬರೂದಿಲ್ಲ.”

“ಸುಮ್ನಿರು. ನಿನ್ನ ಕೆಲಸಾ ನೋಡೇನಿ ನಾ.”

ಮಷಿನ್ ನಿಲ್ಲುವ ತನಕ ಕೈ ತೆಗೆಯಲಿಲ್ಲ. ಅತ್ತೆಯೇ ಅವಳ ಚೀಲ ತುಂಬಿ ನನ್ನ ಜೊತೆ ಕಳಿಸಿದರು.

ಈಗ ಅಕ್ಕ ನಮ್ಮ ಮನೆಯಲ್ಲಿದ್ದಾಳೆ. ಒಳಗೆ ಅತ್ತೆಯ ಜೊತೆ ಫೋನಿನಲ್ಲಿ ಮಾತಾಡುತ್ತಿದ್ದಾಳೆ. “ಮಷಿನ್ ಹಚ್ಚೀರೇನ್ರಿ? ನೀರ ಬಿಡಾಕತ್ತೈತಿ? ಹಂಗಾರ ಸಿಂಕಿನ ಹಂತೇಕ ಹೋಗಿ ನೋಡ್ರಿ. ಇಲ್ರಿ, ಬಗ್ಗಿ ನೋಡ್ರಿ.”

ನಾನು ಉಂಡಿ ಕೆಳಗಿಟ್ಟು ಕಿವಿಗೊಟ್ಟೆ. ಅತ್ತೆ ಏನಂದರೋ ನನಗೆ ಕೇಳಿಸಲಿಲ್ಲ. ಅಕ್ಕ ಫೋನನ್ನು ಗೋಡೆಯ ಮಾಡದಲ್ಲಿಟ್ಟು, ಹೊಸ್ತಿಲಿಗೆ ಬಂದು ನಿಂತಳು.

“ತಮ್ಮಾ, ನಾಳೆ ಹೋಗಬೇಕಂತ ಮಾಡಿದ್ದೆ” ಎಂದಳು. “ಇನ್ನೆರಡ ದಿನ ಇರ್ಲೇನೋ?”