ನಮ್ಮೂರಲ್ಲಿ ಅಂಥಾದ್ದಿಲ್ಲ

ಹುಣಸೂರು ತಾಲ್ಲೂಕಿನ ಒಂದು ಹಳ್ಳಿಶಾಲೆಯಲ್ಲಿ ನಾನು ಟೀಚರಾಗಿದ್ದಾಗ, ಮಕ್ಕಳನ್ನು ಲೈಂಗಿಕ ಕಿರುಕುಳದಿಂದ ಕಾಪಾಡುವುದು ಹೇಗೆಂದು ಹೇಳಲು ಪೋಷಕರ ಸಭೆ ಕರೆದೆ. ಹೊಗೆಸೊಪ್ಪು ಬೇಯಿಸುವ ಕಾಲ, ಪುರುಸೊತ್ತಿಲ್ಲ ಅಂತ ಗಂಡಸರು ಬರಲಿಲ್ಲ. ಆ ಪುರುಸೊತ್ತಿಲ್ಲದವರು ಅರಳಿಕಟ್ಟೆ ಮೇಲೆ ಮೊಬೈಲ್ ನೋಡುತ್ತ ಕೂತಿದ್ದದ್ದು ಶಾಲೆ ಕಿಟಕಿಯಿಂದಲೇ ಕಾಣುತ್ತಿತ್ತು. ಬಂದ ಒಬ್ಬನೇ ಗಂಡಸೆಂದರೆ ಶಾಲಾ ಸಮಿತಿಯ ಅಧ್ಯಕ್ಷ. ನಾನು ಬಾಯಿ ತೆರೆಯುವ ಮೊದಲೇ ಎದ್ದು, ಇದೆಲ್ಲ ಪೇಟೆಯ ಕಾಯಿಲೆ, ನಮ್ಮೂರಲ್ಲಿ ಅಂಥಾದ್ದಿಲ್ಲ, ಹೆಣ್ಣುಮಕ್ಕಳಿಗೆ ಮೈತುಂಬ ಬಟ್ಟೆ ಹಾಕಿದರೆ ಸಾಕು ಎಂದು ಅರ್ಧ ಗಂಟೆ ಕೊರೆದ.

ಉಳಿದ ಹತ್ತು ನಿಮಿಷದಲ್ಲಿ ನಾನು ಹೇಳಿದ್ದಿಷ್ಟು: ಕೆಡುಕು ಮಾಡುವವನು ಬಹಳ ಸಲ ಗೊತ್ತಿರುವವನೇ. ಮಗು ಯಾರ ಹತ್ತಿರವಾದರೂ ಹೋಗಲ್ಲ ಅಂದರೆ ಗದರಬೇಡಿ, ಯಾಕೆ ಅಂತ ಕೇಳಿ. ಅಧ್ಯಕ್ಷ ಆಕಳಿಸಿದ.

ಎಲ್ಲರೂ ಹೋದ ಮೇಲೆ ಒಬ್ಬಳು ಅಜ್ಜಿ ಉಳಿದಳು. ಮೂರನೇ ಕ್ಲಾಸಿನ, ತಾಯಿಯಿಲ್ಲದ ಮೊಮ್ಮಗಳನ್ನು ಸಾಕುತ್ತಿದ್ದವಳು.

"ಅಂಗ್ಡಿಗೋಗಿ ಸಕ್ರೆ ತಾ ಅಂದ್ರೆ ಕೂಸು ಒಲ್ಲೆ ಅಂತದೆ ಕಣವ್ವ. ಸೋಂಬೇರಿ ಅಂತ ನಾನು ಎರಡೇಟು ಬುಟ್ಟೆ. ಕೇಳ್ಬೇಕಿತ್ತಾ?"

ನನ್ನ ಮೇಲೆ ನನಗೇ ಹೇಸಿಗೆಯಾಯಿತು. ಹಿಂದಿನ ವಾರ ಅದೇ ಅಂಗಡಿಯಿಂದ ಗಮ್ ತರಲು ಕಳಿಸಿದಾಗಲೂ ಅವಳು ಹೋಗಿರಲಿಲ್ಲ. ಹಟಮಾರಿ ಎಂದು ಅವಳನ್ನು ಕ್ಲಾಸಿನ ಹೊರಗೆ ನಿಲ್ಲಿಸಿದ್ದವಳು ನಾನೇ.

ಅಜ್ಜಿ ಮನೆಗೆ ಹೋಗಿ, ಮೊಮ್ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಕೇಳಿದಳು. ಮಗು ಹೇಳಿತು. ಮರುದಿನ ಬೆಳಿಗ್ಗೆ ಇಬ್ಬರೂ ಶಾಲೆಗೆ ಬಂದರು. ನಾನು ಮಕ್ಕಳ ಸಹಾಯವಾಣಿಗೆ ಫೋನ್ ಮಾಡಿದೆ. ಅಷ್ಟರಲ್ಲಿ ಸುದ್ದಿ ಹೇಗೋ ಹರಡಿ ಅಧ್ಯಕ್ಷ ಓಡಿಬಂದ. ಅಂಗಡಿಯವನು ಅವನ ಷಡ್ಡಕ. ಕೂಸಿನ ಮದುವೆ ಗತಿಯೇನು, ಊರಿನ ಹೆಸರೇನಾಗಬೇಕು, ಅವನಿಗೆ ನಾವೇ ಬುದ್ಧಿ ಹೇಳುತ್ತೇವೆ ಎಂದ. ಎಂಟು ವರ್ಷದ ಮಗುವಿನ ಮದುವೆಯ ಚಿಂತೆ ಅವನಿಗೆ.

"ಬುದ್ಧಿ ಯೋಳೋಕೆ ಇಷ್ಟು ವರ್ಸ ಇತ್ತಲ್ಲ ನಿಮ್ಗೆ," ಅಂದಳು ಅಜ್ಜಿ. "ದಾರಿ ಬುಡಿ."

ಅವನು ಬಿಟ್ಟ.

ಮಹಿಳಾ ಪೊಲೀಸರು ಯೂನಿಫಾರ್ಮ್ ಇಲ್ಲದೆ ಅಜ್ಜಿಯ ಮನೆಗೇ ಬಂದು ಹೇಳಿಕೆ ಬರೆದುಕೊಂಡರು. ಅಂಗಡಿಯವನನ್ನು ಹಿಡಿದರು, ಕೇಸು ನಡೆಯುತ್ತಿದೆ. ಆಮೇಲೆ ಇನ್ನಿಬ್ಬರು ತಾಯಂದಿರು ನನ್ನ ಹತ್ತಿರ ಬಂದು ತಮ್ಮ ಮಕ್ಕಳದ್ದನ್ನೂ ಹೇಳಿದರು. ಊರಿನ ಗಂಡಸರ ಗೊಣಗಾಟ ಮಾತ್ರ ಬೇರೆಯೇ: ಇದ್ದೊಂದು ಅಂಗಡಿ ಮುಚ್ಚಿಸಿ, ಬೀಡಿಗೂ ಬಿಳಿಕೆರೆ ಪೇಟೆಗೆ ಹೋಗುವ ಹಾಗೆ ಮಾಡಿದಳು ಈ ಟೀಚರು ಅಂತ.

ಮುಂದಿನ ಸಭೆಗೆ ಅವರೂ ಬಂದರು. ಮಕ್ಕಳ ಮೇಲಿನ ಕಾಳಜಿಯಿಂದಲ್ಲ, ಇನ್ಯಾರ ಹೆಸರು ಹೊರಬೀಳುತ್ತದೋ ಎಂಬ ಪುಕ್ಕಲುತನದಿಂದ. ಬರಲಿ ಎಂದುಕೊಂಡೆ. ಪುಕ್ಕಲುತನದಿಂದಲಾದರೂ ಕಿವಿ ತೆರೆದಿದ್ದರಲ್ಲ.

ಆ ಹುಡುಗಿಯನ್ನು ಕರೆದು, ಹೊರಗೆ ನಿಲ್ಲಿಸಿದ್ದು ನನ್ನ ತಪ್ಪು ಎಂದು ಹೇಳಿದೆ. ಅವಳು ನನ್ನ ಮುಖ ನೋಡಿ, ಮಗ್ಗಿ ಬರೆದ ಪುಸ್ತಕ ಮುಂದೆ ಹಿಡಿದಳು.